ಕಾಯಿ ಇಲ್ಲದ ಗೆರೆ

ನಮ್ಮ ಸೀಮೆಗೆ ಸಮುದ್ರವಿಲ್ಲ, ಹಳ್ಳವಿದೆ. ಮಸ್ಕಿ ಹಳ್ಳದ ನೀರು ಇಳಿದ ಮೇಲೆ ಉಳಿಯುತ್ತದಲ್ಲ, ಆ ಉಸುಕಿನಲ್ಲಿ ನಾನು ಓಡಲು ಕಲಿತದ್ದು. ಹಿಂಗಾರಿ ಬಿತ್ತನೆ ಮುಗಿದು ಕೈ ಬಿಡುವಾದಾಗ ಓಣಿಯ ಹುಡುಗ ಹುಡುಗಿಯರೆಲ್ಲ ಅಲ್ಲಿ ಸೇರುತ್ತಿದ್ದೆವು. ದೂರದಲ್ಲಿ ಒಂದು ತೆಂಗಿನಕಾಯಿಯನ್ನು ಅರ್ಧ ಹೂಳಿ ಇಡುತ್ತಿದ್ದರು. ಓಡಿಹೋಗಿ ಅದರ ಮೇಲೆ ಬೋರಲು ಬೀಳಬೇಕು. ಕಾಯಿ ಯಾರ ಹೊಟ್ಟೆಯ ಕೆಳಗೋ ಅವರದು ಗೆಲುವು, ತಕರಾರೇ ಇಲ್ಲ. ನಾನು ತಂದ ಕಾಯಿಗಳಿಗೆ ಚಟ್ನಿ ಅರೆದು ಅರೆದು ಅವ್ವನಿಗೆ ಸಾಕಾಗಿತ್ತು. ಜಂಬವಿತ್ತು ನನಗೆ, ಇಲ್ಲವೆನ್ನುವುದಿಲ್ಲ.

ಹೈಸ್ಕೂಲಿನ ಪಿ.ಟಿ. ಮೇಡಂ ಅದನ್ನು ಒಮ್ಮೆ ನೋಡಿದವರೇ ನನ್ನನ್ನು ಲಿಂಗಸುಗೂರಿನ ಕ್ರೀಡಾಕೂಟಕ್ಕೆ ಕರೆದುಕೊಂಡು ಹೋದರು. ನೂರು ಮೀಟರ್ ಓಟ. ಕೆಳಗೆ ಗಟ್ಟಿ ಮೊರಂ ನೆಲ, ಮೇಲೆ ಸುಣ್ಣದ ಗೆರೆ. ಉಸುಕಿನಲ್ಲಿ ಕಾಲು ಕಿತ್ತು ಕಿತ್ತು ಓಡಿದವಳಿಗೆ ಆ ನೆಲ ತಾನಾಗಿಯೇ ಮುಂದಕ್ಕೆ ತಳ್ಳಿದಂತಾಯಿತು. ಎಲ್ಲರಿಗಿಂತ ಮುಂದಿದ್ದೆ. ಕೊನೆಯ ಬಿಳಿ ಗೆರೆ ಕಂಡಿದ್ದೇ ತಡ, ಮೈ ತನ್ನ ರೂಢಿಯಂತೆ ಬೋರಲು ಬಿತ್ತು. ಅದೂ ಗೆರೆಯ ಈಚೆಗೆ! ಮೈದಾನವೆಲ್ಲ ನಕ್ಕಿತು. ಮೊಣಕಾಲಿನ ಚರ್ಮ ಕಿತ್ತು ಅಂಗೈಗೆ ಹರಳು ಹೊಕ್ಕವು. ಎದ್ದು ಕುಂಟುತ್ತ ದಾಟುವಷ್ಟರಲ್ಲಿ ಇಬ್ಬರು ಮುಂದೆ ಹೋಗಿದ್ದರು.

ಮೂರನೆಯವಳಾದರೂ ಸಿಂಧನೂರಿನ ಆಯ್ಕೆಗೆ ಕರೆ ಬಂತು. ಅಲ್ಲಿ ಮೊದಲು ಬಂದ ಇಬ್ಬರಿಗೆ ಮಾತ್ರ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು. ಆ ಸೀಟು ನನಗೆ ಬೇಕಾಗಿತ್ತು, ಬೇರೇನೂ ಬೇಡವಾಗಿತ್ತು. ಅಂದಿನಿಂದಲೇ ಹೆದರಿಕೆ ಶುರುವಾಯಿತು. ಎದುರಾಳಿಗಳ ಹೆದರಿಕೆಯಲ್ಲ, ನನ್ನ ಮೊಣಕಾಲುಗಳದು. ಶಾಲೆಯ ಅಂಗಳದಲ್ಲಿ ಎಷ್ಟು ಸಲ ಓಡಿದರೂ ಗೆರೆ ಹತ್ತಿರ ಬಂದಾಗ ಅವು ನನ್ನ ಮಾತು ಕೇಳುತ್ತಿರಲಿಲ್ಲ, ಮಡಚಿಕೊಳ್ಳುತ್ತಿದ್ದವು. ಸಿಟ್ಟಿಗೆ ಅವನ್ನೇ ಗುದ್ದಿಕೊಂಡಿದ್ದೇನೆ.

ಕಡೆಗೆ ಮೇಡಂ ಗೆರೆಯಿಂದ ಬಹಳ ಆಚೆಗೆ ಹೋಗಿ ನಿಂತರು. “ಗೆರಿ ನೋಡಬ್ಯಾಡ, ನನ್ನ ನೋಡು. ಬಂದು ನನ್ನ ಮ್ಯಾಲ ಬಿದ್ರೂ ಚಿಂತಿಲ್ಲ.”

ಹಾಗೆ ಓಡಿದಾಗ ಬೀಳಲಿಲ್ಲ. ಆದರೆ ಮೇಡಂ ಪಕ್ಕಕ್ಕೆ ಸರಿದರೆ ಮತ್ತೆ ಅದೇ ಕಥೆ.

ಸಿಂಧನೂರಿಗೆ ಅಪ್ಪನೂ ಕಿರಾಣಿ ಅಂಗಡಿ ಮುಚ್ಚಿ ಬಂದ. ಬಸ್ಸಿನಲ್ಲಿ ಅವ್ವ ಕಟ್ಟಿಕೊಟ್ಟ ಮಂಡಕ್ಕಿ ಸೂಸ್ಲಾ ಬಿಚ್ಚಿ, “ಎರಡು ತುತ್ತರ ತಿನ್ನು ಬೇ ಯವ್ವಾ” ಎಂದ. ನನಗೆ ಬಾಯಿ ಒಣಗಿತ್ತು. ಕಾಲುವೆಯ ಸೀಮೆ ಬಂದು ಎರಡೂ ಕಡೆ ಭತ್ತದ ಗದ್ದೆ ಕಂಡಾಗ, ಇನ್ನು ಊರು ಬಂದೇ ಬಿಟ್ಟಿತು ಎಂದು ಗೊತ್ತಾಯಿತು. ಬಸ್ಸು ಕೆಟ್ಟು ನಿಲ್ಲಬಾರದೇ ಎಂದುಕೊಂಡೆ. ನಿಲ್ಲಲಿಲ್ಲ.

ಮೈದಾನದಲ್ಲಿ ಮೇಡಂ ನೆಟ್ಟಗೆ ಗೆರೆಯ ಆಚೆಗೆ ಹೋಗಿ ನಿಂತರು. ಸೀಟಿ ಕೊರಳಿಗೆ ಹಾಕಿಕೊಂಡಿದ್ದವರೊಬ್ಬರು ಬಂದು, “ಇಲ್ಲಿ ಯಾರೂ ನಿಂದ್ರಂಗಿಲ್ರೀ ಮೇಡಂ, ಆಕಡೆ ಸರೀರಿ” ಎಂದು ಮೈದಾನಕ್ಕೆಲ್ಲ ಕೇಳುವಂತೆ ಕೂಗಿದರು. ಮೇಡಂ ಏನೋ ಹೇಳಿದರು, ಅವರು ತಲೆಯಾಡಿಸಿದರು. ನಾನು ಆಗಲೇ ನೆಲಕ್ಕೆ ಕೈಯೂರಿದ್ದೆ, ಇನ್ನೂ ಗಾಯ ಮಾಯದ ಅಂಗೈ ಚುರುಗುಟ್ಟುತ್ತಿತ್ತು. ತಲೆಯೆತ್ತಿ ನೋಡಿದರೆ ಗೆರೆಯ ಆಚೆ ಬರೀ ಬಯಲು. ಎದ್ದು ಓಡಿಹೋಗಿಬಿಡೋಣ ಎನಿಸಿತು, ನಿಜವಾಗಿ.

ಪಿಸ್ತೂಲು ಢಂ ಎಂದಿತು. ಅರ್ಧ ದಾರಿಯವರೆಗೆ ಏನೂ ನೆನಪಿಲ್ಲ. ಆಮೇಲೆ ಗೆರೆ ಕಂಡಿತು, ಮೊಣಕಾಲು ಸಡಿಲವಾದದ್ದು ಗೊತ್ತಾಯಿತು. ಕಣ್ಣು ಮುಚ್ಚಿಕೊಂಡೆ. ಕಾಣದಿದ್ದರೆ ಬೀಳುವುದೆಲ್ಲಿಗೆ? ಹಾಗೇ ಓಡಿದೆ. ಗೆರೆ ಯಾವಾಗ ದಾಟಿದೆನೋ ಗೊತ್ತಿಲ್ಲ, ನಿಲ್ಲಲು ಧೈರ್ಯವಾಗಲಿಲ್ಲ. ಯಾರೋ ಕೂಗಿದ್ದಕ್ಕೆ ಕಣ್ಣು ಬಿಟ್ಟರೆ ಕಾಂಪೌಂಡ್ ಗೋಡೆ ಎದುರಿಗಿತ್ತು. ಎರಡೂ ಕೈ ಕೊಟ್ಟು ನಿಂತೆ.

ಮೇಡಂ ಓಡಿ ಬಂದರು. “ನಾ ಬಿದ್ನೇನ್ರೀ ಮೇಡಂ?” ಎಂದು ಕೇಳಿದೆ.

“ಎಲ್ಲಿ ಬಿದ್ದಿ? ಎರಡನೇದಾಕಿ ನೀ. ಸೀಟು ಆತು ನಿಂದು.”

ಗೋಡೆಗೆ ಒರಗಿ ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಅಪ್ಪನನ್ನು ಹುಡುಕಿದೆ. ಬೇವಿನ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ, ಎದ್ದು ಬರಲಿಲ್ಲ. ನಾನೇ ಹೋದೆ. ನನ್ನ ಅಂಗೈ ಹಿಡಿದು, ಗೋಡೆಗೆ ತರಚಿ ಬಂದ ರಕ್ತವನ್ನು ಟವೆಲಿನಿಂದ ಒರೆಸಿದ. ನನ್ನ ಮುಖ ನೋಡದೆಯೇ ಹೇಳಿದ:

“ನೀ ಬೀಳಲಿ ಅಂತ ಬೇಡ್ಕೊಂಡಿದ್ದೆ ಬೇ ಯವ್ವಾ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಆಗ ಮಾತ್ರ ಅದು ಬರಲಿಲ್ಲ.

“ಬಿದ್ರ ಮನಿಗೆ ಬರ್ತಿದ್ದಿ” ಎಂದ. “ನೀ ಇಲ್ದ ಮನಿಯಾಗ ಹೆಂಗ ಇರೂದಂತ ಹೆದರಿಕಿ ಆಗಿತ್ತು.”

ಬಸ್ಸಿನಲ್ಲಿ ಪಕ್ಕದಲ್ಲೇ ಕುಳಿತು ಅವನೂ ಅಷ್ಟು ಹೆದರಿದ್ದನೆಂದು ನನಗೆ ತಿಳಿದೇ ಇರಲಿಲ್ಲ.

“ಈಗ?” ಎಂದೆ.

“ಈಗೇನ್, ಹಾಸ್ಟೆಲಿಗೆ ಒಂದು ಟ್ರಂಕು ಬೇಕಲ್ಲ. ಇಲ್ಲೇ ಬಜಾರದಾಗ ನೋಡೂಣು ನಡಿ.”

ಏಳಲು ಹೋದವನಿಗೆ ಆಗಲಿಲ್ಲ. ನನ್ನ ಹೆಗಲಿಗೆ ಕೈ ಕೊಟ್ಟು ಎದ್ದ.