ಬಿಸಿಎಲ್-ಟೂ ಮತ್ತು ನಂದೊಳ್ಳಿಯ ಅಕ್ಕ

ಬೆಳಿಗ್ಗೆ ದೋಸೆಯ ತಟ್ಟೆ ಎತ್ತಿದ ಮೇಲೆ ನನ್ನ ಮುಂದೆ ಒಂದು ಹಳದಿ ಮಾತ್ರೆ, ಒಂದು ತಂಬಿಗೆ ನೀರು ಬಂದು ಕೂರುತ್ತವೆ. ಮಾತ್ರೆ ನುಂಗುವುದು ನನ್ನ ಕೆಲಸ. ತಂಬಿಗೆ ಖಾಲಿಯಾಗುವವರೆಗೆ ಎದುರು ನಿಲ್ಲುವುದು ಹೆಂಡತಿಯ ಕೆಲಸ. ಆ ಮಾತ್ರೆ ಕಂಡಾಗಲೆಲ್ಲ ನನಗೆ ನಂದೊಳ್ಳಿಯ ಅಕ್ಕನ ನೆನಪು. ಮಾತ್ರೆಗೂ ಅಕ್ಕನಿಗೂ ಏನು ಸಂಬಂಧ ಅಂತೀರಾ? ತಾಳಿ, ಮೇಷ್ಟರಾಗಿದ್ದವನು ನೇರವಾಗಿ ವಿಷಯಕ್ಕೆ ಬಂದದ್ದುಂಟೇ?

ಸಿದ್ದಾಪುರದ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಕ್ಯಾನ್ಸರ್ ಎಂದರೆ ಜೀವಕೋಶಗಳು ಮಿತಿಮೀರಿ ಹುಟ್ಟುವುದು ಎಂದು ಬೋರ್ಡಿನ ಮೇಲೆ ಬರೆದು, ಸೀಮೆಸುಣ್ಣದ ಪುಡಿ ಕೊಡವಿಕೊಂಡು, ಯುದ್ಧ ಗೆದ್ದವನ ಹಾಗೆ ಹೊರಗೆ ಬರುತ್ತಿದ್ದೆ. ಮಕ್ಕಳು ಪಾಪ, ನಂಬುತ್ತಿದ್ದವು. ಹೊತ್ತಿಗೆ ಸರಿಯಾಗಿ ಸಾಯುವುದೂ ಜೀವಕೋಶದ ಕರ್ತವ್ಯವೆಂದು ನನಗೆ ಮನದಟ್ಟಾದದ್ದು ನನ್ನದೇ ರಕ್ತಕ್ಕೆ ಕ್ಯಾನ್ಸರ್ ಬಂದ ಮೇಲೆ; ಅದೂ ನನ್ನ ಶಿಷ್ಯೆಯರ ವಯಸ್ಸಿನ ಹುಬ್ಬಳ್ಳಿಯ ಡಾಕ್ಟರಮ್ಮನಿಂದ.

“ಸರ್, ಬಿಳಿ ಕಣ ಕೆಲಸ ಮುಗದ ಮ್ಯಾಲೆ ತಾವಾಗೇ ಸಾಯಬೇಕ್ರಿ. ಅದನ್ನ ತಡಿಯೋ ಪ್ರೋಟೀನ್ ಒಂದೈತಿ, ಬಿಸಿಎಲ್-ಟೂ ಅಂತ. ಎಲ್ಲಾರಿಗೂ ಇರತೈತಿ, ನಿಮಗ ಅತಿ ಆಗೇತಿ. ಹಳೇ ಕಣ ಹೋಗವಲ್ವು, ಹೊಸಾವು ಬಂದು ತುಂಬಾಕ ಹತ್ಯಾವು. ಈ ಗುಳಿಗಿ ಆ ಪ್ರೋಟೀನಿನ ಕೈ ಕಟ್ಟತೈತಿ.”

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಹೆದರಿಕೆಗೆ ತಲೆ ಕೆಟ್ಟಿತೆಂದು ತಿಳಿದು ಡಾಕ್ಟರಮ್ಮ ನನ್ನ ಹೆಂಡತಿಯ ಮುಖ ನೋಡಿದರು. ನನ್ನ ಕಣ್ಣಿಗೆ ಮಾತ್ರ ಅಕ್ಕ ಕಂಡಿದ್ದಳು.

ಅಕ್ಕನ ಮನೆಗೆ ಬಂದವರು ಉಣ್ಣದೆ ಹೋದದ್ದಿಲ್ಲ. ನೀವು ಏಳುವಷ್ಟರಲ್ಲಿ ನಿಮ್ಮ ಚೀಲ ಒಳಕೋಣೆ ಸೇರಿರುತ್ತದೆ, ಅನ್ನಕ್ಕೆ ನೀರು ಕುದಿಯುತ್ತಿರುತ್ತದೆ. “ಎಂತದು, ಬಂದ್ಕೂಡ್ಲೆ ಹೊರಟ್ಯ? ಉಂಡ್ಕಂಡೇ ಹೋಪದು!” ಕರೆಂಟಿನ ಮೀಟರು ನೋಡಲು ಬಂದವನು ಉಂಡು, ಒಂದು ನಿದ್ದೆ ತೆಗೆದು, ಸಂಜೆಯ ಚಹಾ ಕುಡಿದು ಹೋದದ್ದನ್ನು ನಾನೇ ನೋಡಿದ್ದೇನೆ. ಅಷ್ಟರಲ್ಲಿ ಜಗುಲಿಯ ಮೇಲೆ ಮತ್ತಿಬ್ಬರು ಕೂತಾಗಿತ್ತು. ಇನ್ನು ನಾನೋ, ಯಾರಾದರೂ ತಡೆಯಲಿ ಎಂದೇ ಕಾಯುವ ಆಸಾಮಿ. “ಹೊರಟೆ” ಎಂದಮೇಲೆ ಹೊಸ್ತಿಲಲ್ಲಿ ನಿಂತು ಅರ್ಧ ತಾಸು ಮಾತಾಡದಿದ್ದರೆ ನನಗೆ ಹೊರಟಂತೆಯೇ ಅನ್ನಿಸುವುದಿಲ್ಲ.

ಈ ಮಾತ್ರೆಯನ್ನು ಮೊದಮೊದಲು ವಾರವಾರವೂ ಸ್ವಲ್ಪ ಸ್ವಲ್ಪ ಏರಿಸಬೇಕು. ಕಣಗಳೆಲ್ಲ ಒಮ್ಮೆಲೇ ಸತ್ತರೆ ಆ ಕಸ ಹೊರಹಾಕಲಾರದೆ ಕಿಡ್ನಿ ಸೋಲುತ್ತದೆ, ಜೀವಕ್ಕೇ ಅಪಾಯ. ಹಾಗಾಗಿ ಪ್ರತಿ ಸಲವೂ ಹುಬ್ಬಳ್ಳಿಗೆ ಹೋಗಿ ರಕ್ತ ತೋರಿಸಬೇಕಿತ್ತು. “ಮಧ್ಯಾಹ್ನದೊಳಗ ಬರ್ರಿ, ತಡಾ ಮಾಡಬ್ಯಾಡ್ರಿ” ಎಂದು ಡಾಕ್ಟರಮ್ಮ ಒತ್ತಿ ಹೇಳಿದ್ದರು. ನಾವೀಗ ಇರುವ ಶಿರಸಿಯಿಂದ ನಾನೂ ಹೆಂಡತಿಯೂ ಕಾರಿನಲ್ಲಿ ಬೇಗನೇ ಹೊರಟೆವು. ನಂದೊಳ್ಳಿಗೆ ತಿರುಗುವ ಯಲ್ಲಾಪುರ ಬರುತ್ತಲೇ ನನ್ನ ಬಾಯಿ ಸುಮ್ಮನಿರಬೇಕಲ್ಲ? “ಅಕ್ಕಂಗೆ ಮುಖ ತೋರಿಸ್ಕಂಡು ಹೋಪನ” ಎಂದೆ.

ಮುಂದಿನದು ನಿಮಗೇ ಗೊತ್ತಾಯಿತು. ನಾನು ಎರಡು ಸಲ ಎದ್ದೆ, ಎರಡು ಸಲವೂ ಕೂತೆ. “ಉಪಾಸ ಹೋಗಿ ರಕ್ತ ಕೊಡ್ತ್ಯ? ಎಂತಾ ಡಾಕ್ಟ್ರು ಅದು?” ಎಂದು ಅಕ್ಕ ಅಪ್ಪೆಹುಳಿ ಬಡಿಸಿದಳು. ನಾನು ಎರಡನೇ ಸಲ ಕೇಳಿ ಹಾಕಿಸಿಕೊಂಡೆ.

ಆಸ್ಪತ್ರೆ ಮುಟ್ಟುವಾಗ ಸಂಜೆಯಾಗಿತ್ತು. ಸತ್ತ ಕಣಗಳು ಸುರಿದ ಪೊಟ್ಯಾಷಿಯಂ ರಕ್ತದಲ್ಲಿ ಏರಿತ್ತು. ತಕ್ಷಣ ಮಲಗಿಸಿ ಡ್ರಿಪ್ ಹಾಕಿದರು. “ಹಾದ್ಯಾಗ ಏನಾತ್ರಿ ಸರ್?” ಎಂದು ಡಾಕ್ಟರಮ್ಮ ಕೇಳಿದರೆ, ವಿಜ್ಞಾನದ ಮೇಷ್ಟರು ಕೊಟ್ಟ ಉತ್ತರ: “ಊಟ.”

ಅವರು ಹೋದಮೇಲೆ ಹೆಂಡತಿ ಮಂಚದ ಬದಿಯಲ್ಲಿ ಕೂತಳು. “ನಿಂಗಳಿಗೆ ಹೊರಡಲೆ ಬತ್ತಿಲ್ಲೆ. ನಿಂಗ ಇಲ್ದೇ ಹೋದ್ರೆ ಆನು ಎಂತ ಮಾಡವು?” ಎಂದು ಸೆರಗು ಬಾಯಿಗೊತ್ತಿಕೊಂಡಳು. ಅಲ್ಲಿಯವರೆಗೆ ಕಾಯಿಲೆಯನ್ನು ಪಾಠದ ಹಾಗೆ ಎಲ್ಲರಿಗೂ ವಿವರಿಸುತ್ತ ತಿರುಗುತ್ತಿದ್ದವನಿಗೆ ಅಂದು ನಿಜವಾಗಿ ಭಯವಾಯಿತು.

ಅವಳು ಅಕ್ಕನಿಗೆ ಫೋನು ಮಾಡಿ ಏನು ಹೇಳಿದಳೋ, ನಾನು ಕೇಳಲಿಲ್ಲ. ಮುಂದಿನ ಸಲ ಹೋಗುವಾಗ ನಂದೊಳ್ಳಿಯ ತಿರುವಿನಲ್ಲಿ ಅಕ್ಕ ರಸ್ತೆಯಂಚಿಗೇ ಬಂದು ನಿಂತಿದ್ದಳು, ಕೈಯಲ್ಲಿ ಊಟದ ಕ್ಯಾರಿಯರು. ಕಾರು ನಿಂತಿತು. ಅಭ್ಯಾಸಬಲ, ನಾನು ಬಾಗಿಲು ತೆಗೆದೆ. ಅವಳು ಅದನ್ನು ದಡಾರನೆ ಮುಚ್ಚಿ ಕ್ಯಾರಿಯರನ್ನು ಕಿಟಕಿಯಿಂದ ತೂರಿಸಿದಳು.

“ಇಳಿಯಡ. ಅಲ್ಲೇ ಹೋಗಿ ಉಣ್ಣು. ಹೋಗು ತಮ್ಮ, ಹೋಗು!”

ಜನ್ಮದಲ್ಲಿ ಯಾರಿಗೂ ಅವಳು ಆ ಮಾತು ಹೇಳಿದವಳಲ್ಲ. ಕಾರು ಹೊರಟಮೇಲೆ ಕನ್ನಡಿಯಲ್ಲಿ ನೋಡುತ್ತೇನೆ, ಮೊಣಕಾಲು ನೋವಿನ ಅಕ್ಕ ಸೀರೆ ಎತ್ತಿ ಹಿಡಿದು ಹಿಂದೆ ಓಡಿ ಬರುತ್ತಿದ್ದಾಳೆ. ‘ಹೋಗು’ ಎಂದಷ್ಟೇ ಹೇಳಿ ಕಳಿಸಿದ್ದು ಆಗ ನೆನಪಾಗಿರಬೇಕು. “ಬಾ! ಹೋಗಿ ಬಾ!” ಎಂದು ಕೂಗುತ್ತಿದ್ದಳು. ಕಲಘಟಗಿ ದಾಟುವವರೆಗೂ ನನಗೆ ಅಳು ನಿಲ್ಲಲಿಲ್ಲ. ಬದುಕಬೇಕು ಎಂದು ಅಷ್ಟು ಜೋರಾಗಿ ನನಗೆ ಹಿಂದೆಂದೂ ಅನ್ನಿಸಿರಲಿಲ್ಲ.

ಈಗ ರಕ್ತ ಹತೋಟಿಯಲ್ಲಿದೆ. ಮಾತ್ರೆ ಮುಂದುವರಿದಿದೆ. ಇವತ್ತೂ ನುಂಗಿದೆ. ಒಳಗೆ ಬೀಡುಬಿಟ್ಟ ಆ ಹಳೇ ಕಣಗಳನ್ನು ಬೀಳ್ಕೊಡುವ ಮರ್ಯಾದೆಯಾದರೂ ಬೇಡವೇ ಎಂದು ಎದೆಯ ಮೇಲೆ ಕೈಯಿಟ್ಟು, “ಹೋಗಿ ಬನ್ನಿ” ಎಂದೆ.

ಹೆಂಡತಿ ಎದುರೇ ನಿಂತಿದ್ದಳು. “ಅಯ್ಯೋ, ಅವಕ್ಕೆ ‘ಬನ್ನಿ’ ಹೇಳಡಿ ಮಾರಾಯ್ರೆ, ‘ಹೋಗಿ’ ಅಂದ್ರೆ ಸಾಕು!” ಎಂದು ಗದರಿದವಳು, ನನ್ನ ಭುಜ ಮಾತ್ರ ಬಿಗಿಯಾಗಿ ಹಿಡಿದುಕೊಂಡೇ ಇದ್ದಳು.