ಎರಡು ಬೆರಳು ಚಿಕ್ಕ ಫಿನ್

ನಮ್ಮ ದೊಡ್ಡಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಹಾಯಿ ಕಟ್ಟಿದ ಹಲಗೆ ಹತ್ತಿ ಅಲೆಗಳ ಮೇಲೆ ಆಡುವವರೆಲ್ಲ ಅವನ ಬೈಗುಳ ತಿಂದೇ ಹಲಗೆ ಸರಿಮಾಡಿಸಿಕೊಳ್ಳುತ್ತಿದ್ದರು. ಹಾಯಿಕಂಬದ ಬುಡವನ್ನು ಒಂದು ಬೆರಳು ಮುಂದಕ್ಕೆ ಸರಿಸಿದರೆ ಹಲಗೆ ಹತೋಟಿಯಲ್ಲಿ ಓಡುತ್ತದೆ, ಹಿಂದಕ್ಕೆ ಎಳೆದರೆ ಸಲೀಸಾಗಿ ತಿರುಗುತ್ತದೆ. ಹಿಂದುಗಡೆ ತಳದಲ್ಲಿ ಮೀನಿನ ರೆಕ್ಕೆಯಂತೆ ಕೂರುವ ಫಿನ್ ದೊಡ್ಡದಿದ್ದರೆ ಗಾಳಿಗೆ ಎದುರೇರಿ ದಡ ಸೇರಬಹುದು, ಆದರೆ ಅಲೆಯ ಮೇಲೆ ಹಲಗೆ ಮೊಂಡು ಹಿಡಿಯುತ್ತದೆ. ಚಿಕ್ಕದಿದ್ದರೆ ಹೇಳಿದಂತೆ ಕೇಳುತ್ತದೆ, ಗಾಳಿ ಕೈಕೊಟ್ಟರೆ ಮಾತ್ರ ಪಕ್ಕಕ್ಕೆ ಜಾರುತ್ತದೆ. ಎರಡೂ ಗುಣ ಬೇಕೆಂದವರಿಗೆ ಎರಡು ಹಲಗೆ ಕೊಳ್ಳಿ, ನನ್ನ ತಲೆ ತಿನ್ನಬೇಡಿ ಎನ್ನುತ್ತಿದ್ದ. ಸರಿಮಾಡಿದ ಪ್ರತಿ ಹಲಗೆಯನ್ನೂ ತಾನೇ ಎರಡು ಸಲ ಓಡಿಸಿ ನೋಡುತ್ತಿದ್ದ. ಒಮ್ಮೆ ಜೋರುಗಾಳಿಯಲ್ಲಿ, ಒಮ್ಮೆ ಸೋತ ಗಾಳಿಯಲ್ಲಿ.

ಅವನಿಗೆ ಹೆದರದವನು ದೊಡ್ಡಮ್ಮನ ತಮ್ಮ ಒಬ್ಬನೇ. ತಾಯಿಯಿಲ್ಲದವನನ್ನು ದೊಡ್ಡಮ್ಮನೇ ಎತ್ತಿ ಬೆಳೆಸಿದ್ದಳು. ಭಾವನನ್ನು ರೇಗಿಸದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಒಂದು ದಿನ ತನ್ನ ಹಲಗೆ ತಂದಿಟ್ಟು, "ಭಾವ, ಈ ಹಲಗೆನೂ ನಿಮ್ಮ ಥರಾನೇ. ತಿರುಗೋಕೆ ಅರ್ಧ ದಿನ ಬೇಕು" ಅಂದ. ದೊಡ್ಡಪ್ಪ ಪಂತಕ್ಕೆ ಬಿದ್ದ. ಎರಡು ಬೆರಳು ಚಿಕ್ಕ ಫಿನ್ ಹಾಕಿದ, ಕಂಬದ ಬುಡ ಹಿಂದಕ್ಕೆಳೆದ, ಬೆಳಗಿನ ಜೋರುಗಾಳಿಯಲ್ಲಿ ಓಡಿಸಿದ. ಬುಗುರಿಯಂತೆ ತಿರುಗಿತು, ದಡಕ್ಕೂ ಬಂತು. ಸೋತ ಗಾಳಿಗೆ ಕಾಯದೆ ಕೊಟ್ಟುಬಿಟ್ಟ.

ಅವತ್ತು ಮಧ್ಯಾಹ್ನ ಆ ತಮ್ಮ ಒದ್ದೆ ಕಾಲಲ್ಲಿ ಮರಳು ತುಳಿದುಕೊಂಡು ಅಡುಗೆಮನೆಗೆ ಬಂದ. ಆಗಷ್ಟೇ ನೆಲ ಒರೆಸಿದ್ದ ದೊಡ್ಡಮ್ಮ ಚೆನ್ನಾಗಿ ಬೈದಳು. ಅವನು ಮುಖ ಊದಿಸಿಕೊಂಡು ಊಟ ಬಿಟ್ಟು ಕಡಲಿಗೆ ಹೋದ. ಸಂಜೆ ಗಾಳಿ ಸೋತು, ದಡದಿಂದ ಕಡಲಿನ ಕಡೆಗೆ ತಿರುಗಿತು. ಹಾಯಿ ಹಿಡಿದು ನಿಂತವನು ನಿಂತಹಾಗೇ ಜಾರಿಕೊಂಡು ದೂರವಾದದ್ದನ್ನು ದಡದವರು ಕಂಡರು. ದೋಣಿ ಹೋಗುವಷ್ಟರಲ್ಲಿ ಅವನಿರಲಿಲ್ಲ. ಎರಡು ದಿನದ ಮೇಲೆ ಹಲಗೆ ಸಿಕ್ಕಿತು, ಒಂದು ಗೀರೂ ಇರಲಿಲ್ಲ. ಅವನು ಸಿಗಲೇ ಇಲ್ಲ.

ಹಸಿದ ಹೊಟ್ಟೆಗೆ ತೋಳು ಸೋತಿತು, ತಾನೇ ಕೊಂದೆ ಎಂದು ದೊಡ್ಡಮ್ಮ ತೀರ್ಮಾನಿಸಿಬಿಟ್ಟಳು. ಮಧ್ಯಾಹ್ನದ ಊಟ ಬಿಟ್ಟಳು. ಗಂಡನಿಗೆ ಬಡಿಸಿ, ತಾನು ಗೋಡೆಗೊರಗಿ ಕೂರುವಳು. ಹನ್ನೊಂದು ತಿಂಗಳಲ್ಲಿ ಒಣಗಿ ಕಡ್ಡಿಯಾದಳು. ಎದುರಿಗೆ ಕೂತು ಉಣ್ಣುತ್ತಿದ್ದ ದೊಡ್ಡಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಅವನ ಶೆಡ್ಡಿನಲ್ಲಿ ಹಲಗೆ ಉಜ್ಜುತ್ತಿದ್ದವಳು ನಾನು. ದೊಡ್ಡ ಫಿನ್ ಅವತ್ತು ಡಬ್ಬಿಯಲ್ಲೇ ಉಳಿದಿತ್ತೆಂದು ನನಗೂ ಗೊತ್ತಿತ್ತು. ಅವನ ಮೇಲೆ ನನಗೆ ಮೈಯೆಲ್ಲ ಉರಿ. ಬಾಯಿಗೆ ಬೀಗ ಹಾಕಿಕೊಂಡಿದ್ದ ನಾನೇನೂ ಸಾಚಾ ಅಲ್ಲ.

ಒಂದು ಮಧ್ಯಾಹ್ನ ಬಡಿಸುತ್ತಲೇ ದೊಡ್ಡಮ್ಮ ಕುಸಿದುಬಿದ್ದಳು. ಮರುದಿನ ದೊಡ್ಡಪ್ಪ ಆ ಹಲಗೆಯನ್ನು ಹೊತ್ತು ತಂದು ಅಡುಗೆಮನೆಯ ನೆಲದ ಮೇಲೆ ಮಗುಚಿಟ್ಟ. ತಿರುಪು ಬಿಚ್ಚಿ ಚಿಕ್ಕ ಫಿನ್ ತೆಗೆದು, ಪಕ್ಕದಲ್ಲಿ ದೊಡ್ಡದನ್ನಿಟ್ಟು, ಯಾವುದು ಏನು ಮಾಡುತ್ತದೆಂದು ಗಿರಾಕಿಗೆ ಹೇಳುವ ಹಾಗೆ ಪೂರ್ತಿ ಹೇಳಿದ. ಒಂದೇ ಸಲ ಓಡಿಸಿ ನೋಡಿದ್ದನ್ನೂ ಹೇಳಿದ.

ದೊಡ್ಡಮ್ಮ ಎರಡನ್ನೂ ಬೆರಳಿಟ್ಟು ಅಳೆದಳು.

"ಅವನು ಉಂಡು ಹೋಗಿದ್ರೂ ವಾಪಸ್ ಬರ್ತಿರ್ಲಿಲ್ವಾ?"

"ಬರ್ತಿರ್ಲಿಲ್ಲ."

"ಇದು ನಿಮಗೆ ಯಾವತ್ತು ಗೊತ್ತಾಯ್ತು?"

"ಅವತ್ತೇ."

ಅವಳು ಎದ್ದು ಕೈ ತೊಳೆದಳು. ಒಂದು ತಟ್ಟೆ ತೆಗೆದು, ಅನ್ನ ಬಡಿಸಿಕೊಂಡು, ಅವನಿಗೆ ಬೆನ್ನು ಹಾಕಿ ಕೂತು ಹೊಟ್ಟೆ ತುಂಬ ಉಂಡಳು. ದೊಡ್ಡಪ್ಪ ಹಲಗೆಯ ಪಕ್ಕದಲ್ಲೇ ಕೂತಿದ್ದ. ಅವತ್ತಿನಿಂದ ಆ ಮನೆಯಲ್ಲಿ ಮಧ್ಯಾಹ್ನ ಅವಳು ಬಡಿಸುವುದು ಒಂದೇ ತಟ್ಟೆಗೆ, ತನ್ನದಕ್ಕೆ.