ಬೆನ್ನಿನಿಂದ ಕೇಳಿದ ಸಮುದ್ರ

ಹೊನ್ನಾವರ ದಾಟಿ ಕಡಲ ದಡದಲ್ಲೇ ನಮ್ಮ ಕ್ಯಾಂಪರ್ ವ್ಯಾನ್ ನಿಲ್ಲಿಸಿದ್ದೇವೆ. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕಿವಿಗಡಚಿಕ್ಕುವ ಪ್ರೆಸ್ ಯಂತ್ರದ ಮುಂದೆ ನಿಂತು ನಿವೃತ್ತರಾದ ನಮ್ಮ ಯಜಮಾನರಿಗೆ ಈಗ ಕಿವಿ ಕೇಳುವುದು ಅಷ್ಟಕ್ಕಷ್ಟೆ. ಕಿವಿಯ ಮೆಷಿನ್ ಹಾಕಿಕೊಂಡರೆ ಇಲ್ಲಿ ಬರೀ ಗಾಳಿಯ ಗೊರಗೊರ. ಮೂರು ದಿನದಿಂದ ಅಲೆಗಳನ್ನು ಸುಮ್ಮನೆ ನೋಡುತ್ತಿದ್ದರು.

ಇವತ್ತು ಬೆಳಿಗ್ಗೆ ಚಿಪ್ಪಿ ಆರಿಸುತ್ತಿದ್ದ ಹೆಂಗಸೊಬ್ಬರಿಗೆ ಇದನ್ನು ಹೇಳಿದೆ. ಅವರು ಕಪ್ಪು ಬಂಡೆಯೊಂದನ್ನು ತೋರಿಸಿ, "ಅದ್ರ ಮೇಲೆ ಮಲಗೂಕೆ ಹೇಳಿ ಅಮ್ಮ. ಬಂಡೆ ಅಡಿಗೆ ಗವಿ ಇದೆ" ಅಂದರು.

ಯಜಮಾನರು ಸಂಕೋಚದಿಂದಲೇ ಅಂಗಾತ ಮಲಗಿದರು. ಅಲೆಯೊಂದು ಬಂಡೆಯಡಿ ನುಗ್ಗಿತು.

"ಬಂತು ಕಣೇ! ಬೆನ್ನಿಂದ ಎದೆಗೆ ಬಂತು!"

ಆಮೇಲೆ ಕಣ್ಣು ಮುಚ್ಚಿಕೊಂಡೇ, "ಇದು ದೊಡ್ದು, ಇದು ಚಿಕ್ದು" ಎಂದು ಹೇಳತೊಡಗಿದರು. ಒಂದೂ ತಪ್ಪಲಿಲ್ಲ. ನಾನೂ ಪಕ್ಕದಲ್ಲಿ ಮಲಗಿದೆ.

"ಹಂಗಲ್ಲ, ಕಿವಿ ಮುಚ್ಕೊಂಡ್ ನೋಡು" ಅಂದರು.

ಎರಡೂ ಅಂಗೈ ಒತ್ತಿ ಮುಚ್ಚಿಕೊಂಡೆ. ಅಷ್ಟು ದೊಡ್ಡ ಕಡಲು ನನ್ನ ಬೆನ್ನಡಿಯಿಂದ ಎದ್ದು ಪಕ್ಕೆಲುಬುಗಳೊಳಗೆ ಗುಡುಗಿತು. ಯಜಮಾನರು ಏನೋ ಹೇಳುತ್ತಿದ್ದರು. ತುಟಿ ಅಲುಗುವುದಷ್ಟೇ ಕಂಡಿತು. ಕೈ ತೆಗೆಯಲು ಮನಸ್ಸಾಗಲಿಲ್ಲ.